ಹಿಂದಕ್ಕೆ ನಡೆದ ಅತ್ತೆ

“ಹದಿನೆಂಟು, ಹತ್ತೊಂಬತ್ತು, ಇಪ್ಪತ್ತು.”

ಇನ್ಸ್‌ಪೆಕ್ಟರ್ ತುಟಿಯೊಳಗೇ ಎಣಿಸಿ ನಿಲ್ಲಿಸಿದ. ಸರಿಯಾಗಿ ಅದೇ ಗಳಿಗೆಗೆ ಗೂಡಿನೊಳಗಿನ ಮರಿಗಳು ಚೀಪುವುದನ್ನು ಬಿಟ್ಟವು. ತಾಯಿಹಂದಿಯ ಗುಟುರು ಇಳಿಯಿತು. ಹಾಲು ಮುಗಿದಿತ್ತು.

“ಏನ್ ಸಾರ್ ಎಣಿಸ್ತಿದೀರಿ?” ಬೆನ್ನ ಹಿಂದೆ ದಫೇದಾರ ಬಂದು ನಿಂತಿದ್ದ.

“ಏನಿಲ್ಲ. ಮರಿ ಎಷ್ಟಿವೆ ಅಂತ ನೋಡ್ತಿದ್ದೆ.”

“ಇಪ್ಪತ್ತಾ? ನನ್ನ ಕಣ್ಣಿಗೆ ಒಂಬತ್ತೇ ಕಾಣ್ತಿವೆ.”

ಇನ್ಸ್‌ಪೆಕ್ಟರ್ ಕರವಸ್ತ್ರವನ್ನು ಮೂಗಿಗೆ ಒತ್ತಿಕೊಂಡು ಆಚೆ ತಿರುಗಿದ. ಕಿವಿ ಬಿಸಿಯಾಗಿತ್ತು. ತಾಯಿಹಂದಿ ಗಂಟೆಗೊಮ್ಮೆ ಹಾಲಿಳಿಸುತ್ತದೆ, ಇಳಿಸಿದರೂ ಇಪ್ಪತ್ತು ಎಣಿಸುವಷ್ಟು ಹೊತ್ತು ಮಾತ್ರ ಎಂದು ಅವನು ಓದಿ ತಿಳಿದವನಲ್ಲ. ಏಳು ವರ್ಷದವನಾಗಿದ್ದಾಗ ಅಮ್ಮನ ಪಕ್ಕ ಕುಕ್ಕರಗಾಲಲ್ಲಿ ಕೂತು ಎಣಿಸಿ ಕಲಿತಿದ್ದ.

ಶನಿವಾರ ಬೆಳಿಗ್ಗೆ ಇದೇ ನಾಲ್ಕನೇ ಗೂಡಿನಲ್ಲಿ ಫಾರಂ ಮಾಲೀಕ ಹೆಣವಾಗಿ ಸಿಕ್ಕಿದ್ದ. ಕೊಂದದ್ದು ಹಂದಿ ಎನ್ನುವುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಕೊಂದದ್ದು ಈ ಗೂಡಿನ ಹಂದಿಯಲ್ಲ ಎನ್ನುವುದೇ ತೊಡಕು.

ನಾಲ್ಕನೆಯ ಗೂಡಿನದು ಸಾಧು ಪ್ರಾಣಿ. ಅದಕ್ಕೆ ಸೊಸೆ ಎಂದು ಹೆಸರು. ಓಣಿಯ ಆ ತುದಿಯ ಏಳನೇ ಗೂಡಿನದು ಅತ್ತೆ. ಮರಿ ಹಾಕಿದ ಮೇಲಂತೂ ನೆರಳು ಬಿದ್ದರೂ ಹಾಯುವ ಜಾತಿ. ಎರಡೂ ಬಿಳಿ, ಎರಡೂ ಇನ್ನೂರು ಕಿಲೋ, ಎರಡೂ ಒಂದೇ ವಾರ ಮರಿ ಹಾಕಿದವು. ಕಂಡವರಿಗೆ ಯಾವುದು ಯಾವುದೆಂದು ಗೊತ್ತಾಗದು. ಮಾಲೀಕ ದಿನವೂ ನಸುಕಿನಲ್ಲಿ ಎದ್ದು ಸೊಸೆಯ ಮರಿಗಳನ್ನು ಮುಟ್ಟಿ ನೋಡುತ್ತಿದ್ದ. ಶನಿವಾರ ಒಳಗೆ ಕಾಲಿಟ್ಟಾಗ ಎದುರಿಗಿದ್ದದ್ದು ಅತ್ತೆ.

ಶುಕ್ರವಾರ ಸಂಜೆ ಮೈ ತೊಳೆದು ಗೂಡಿಗೆ ಸೇರಿಸುವಾಗ ಮುದುಕಿ ಅದಲು ಬದಲು ಮಾಡಿದಳು ಎಂದು ಸತ್ತವನ ತಮ್ಮ ದೂರು ಕೊಟ್ಟಿದ್ದ. ಮುದುಕಿಯೆಂದರೆ ಗೂಡಜ್ಜಿ, ಮೂವತ್ತು ವರ್ಷದಿಂದ ಇಲ್ಲಿ ಹಂದಿ ನೋಡಿಕೊಳ್ಳುವವಳು. ಎರಡು ದಿನದಿಂದ ಲಾಕಪ್ಪಿನಲ್ಲಿದ್ದಳು. ಇವತ್ತು ನಾಲ್ಕು ಗಂಟೆಗೆ ಅತ್ತೆಗೆ ಗುಂಡು. ಆಮೇಲೆ ಗೂಡಜ್ಜಿ ಕೋರ್ಟಿಗೆ.

“ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅಂತ ಗಾದೆ ಮಾಡಿದೋರು ಇದನ್ನ ನೋಡಿರಲಿಲ್ಲ ಬಿಡಿ,” ಎಂದ ದಫೇದಾರ. “ಸಾರ್, ನನಗೆ ಆ ಹೆಜ್ಜೆಯೇ ಬಗೆಹರೀತಿಲ್ಲ.”

ಓಣಿಯ ಕೆಸರಿನಲ್ಲಿ ಮಂಕರಿಗಳನ್ನು ಬೋರಲು ಹಾಕಿದ್ದರು. ಅವುಗಳ ಕೆಳಗೆ ಗೊರಸಿನ ಗುರುತು. ಶುಕ್ರವಾರ ಸಂಜೆ ತೊಳೆದ ನೀರು ಹರಿದು ಕೆಸರು ಹಲಗೆಯಂತೆ ಸಮವಾಗಿತ್ತು. ಶನಿವಾರ ಬೆಳಿಗ್ಗೆ ಅದರ ಮೇಲೆ ಎರಡೇ ಸಾಲು ಗೊರಸು ಇದ್ದವು; ಅವಕ್ಕೆ ಮಂಕರಿ ಮುಚ್ಚಿದ ಮೇಲೆಯೇ ಹಂದಿಗಳನ್ನು ಬೇರೆ ಬದಿಯಿಂದ ತಂತಮ್ಮ ಗೂಡಿಗೆ ಸೇರಿಸಿದ್ದರು. ಎರಡೂ ಏಳನೇ ಗೂಡಿನ ಕಡೆ ಮುಖ ಮಾಡಿದವು.

“ಸೊಸೆ ನಾಲ್ಕರಿಂದ ಏಳಕ್ಕೆ ಹೋಗಿದಾಳೆ, ಒಪ್ಪಿದೆ. ಅತ್ತೆ ಏಳರಿಂದ ನಾಲ್ಕಕ್ಕೆ ಬಂದಿರಬೇಕಲ್ಲ? ಬಂದ ಹೆಜ್ಜೆ ಒಂದಾದ್ರೂ ಬೇಡವಾ? ಹಾರಿಕೊಂಡು ಬಂದ್ಲಾ?”

“ನೋಡೋಣ,” ಎಂದ ಇನ್ಸ್‌ಪೆಕ್ಟರ್.

ಹೇಳಬಹುದಿತ್ತು. ಶನಿವಾರವೇ ಹೇಳಬಹುದಿತ್ತು. ಮೊದಲ ಹೆಜ್ಜೆ ನೋಡಿದ ಕೂಡಲೇ ಅವನಿಗೆ ತಿಳಿದಿತ್ತು. ಆದರೆ ಹೇಳಿದರೆ ‘ನಿಮಗೆ ಹೇಗೆ ಗೊತ್ತು ಸಾರ್’ ಎಂಬ ಪ್ರಶ್ನೆ ಬರುತ್ತಿತ್ತು.

ಇಲಾಖೆಯಲ್ಲೂ ಊರಿನಲ್ಲೂ ಎಲ್ಲರೂ ನಂಬಿದ್ದು ಅವನದು ದವಸದ ವ್ಯಾಪಾರಿಗಳ ಮನೆತನವೆಂದು. ಹೆಂಡತಿಯ ಮನೆಯವರೂ ಹಾಗೇ ನಂಬಿದ್ದರು. ತರಬೇತಿ ಮುಗಿದ ದಿನ ಅಮ್ಮ ಬಂದಿದ್ದಳು. ಬಟ್ಟೆ ಒಗೆಯುವ ಸೋಪಿನಲ್ಲಿ ಮೂರು ಸಲ ಮೈ ಉಜ್ಜಿಕೊಂಡು, ಹೊಸ ಸೀರೆ ಉಟ್ಟು ಬಂದಿದ್ದಳು. ಅವನು ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಎಂದು ನೋಡಿ, ಅವಳ ಮೇಲಿನಿಂದ ಹಾದ ಗಾಳಿ ಯಾರಿಗೂ ತಾಗದ ಮೂಲೆಯ ಕುರ್ಚಿಯಲ್ಲಿ ಕೂರಿಸಿದ್ದ. ಅಮ್ಮ ಒಂದು ಮಾತೂ ಕೇಳಲಿಲ್ಲ. ಹಂದಿ ಸಾಕಿದವಳಿಗೆ ಗಾಳಿಯ ದಿಕ್ಕು ಗೊತ್ತಿರುವುದಿಲ್ಲವೇ?

“ಸಾರ್, ಡಾಕ್ಟರಮ್ಮ ಬಂದ್ರು,” ಎಂದ ದಫೇದಾರ.

ಪಶುವೈದ್ಯೆ ಗೇಟು ದಾಟಿ ಬಂದಳು. ಈ ಊರಿನ ಆಸ್ಪತ್ರೆಗೆ ವರ್ಗವಾಗಿ ಬಂದು ಆರು ತಿಂಗಳು. ಇಸ್ತ್ರಿ ಮಾಡಿದ ಬಿಳಿ ಕೋಟು, ಕೈಯಲ್ಲಿ ಫೈಲು. ಅವಳ ಹಿಂದೆ ಸತ್ತವನ ತಮ್ಮ, ಬೂಟು ಕೆಸರಾಗದಂತೆ ಇಟ್ಟಿಗೆಯಿಂದ ಇಟ್ಟಿಗೆಗೆ ಕಾಲಿಡುತ್ತ.

“ಪ್ರಾಣಿ ಅಪಾಯಕಾರಿ ಅಂತ ಬರೆದು ಸಹಿ ಹಾಕಿದೀನಿ,” ಎಂದಳು ಅವಳು. “ನಾಲ್ಕು ಗಂಟೆವರೆಗೂ ಯಾಕೆ ಕಾಯಬೇಕು? ಈಗಲೇ ಮುಗಿಸಿಬಿಡಿ.”

“ಅದನ್ನೇ ಬೆಳಿಗ್ಗೆಯಿಂದ ಬಡ್ಕೊಳ್ತಿದೀನಿ,” ಎಂದ ತಮ್ಮ. “ನಮ್ಮಣ್ಣ ಹೋದ. ಇನ್ನು ಈ ಗಬ್ಬು ನಂಗೆ ಬೇಡ. ಹಂದಿಯೆಲ್ಲ ಮಾರಿ ಜಾಗ ಸ್ವಚ್ಛ ಮಾಡ್ಬೇಕು. ಹೆಣ್ಣು ಕೊಡೋಕೆ ಬಂದೋರು ಗೇಟಿಂದಲೇ ವಾಪಸ್ ಹೋಗ್ತಿದ್ರು ಗೊತ್ತಾ ನಿಮಗೆ?”

ಇನ್ಸ್‌ಪೆಕ್ಟರ್ ಅವನ ಬೂಟು ನೋಡಿದ. ಕೆಸರಿನಲ್ಲಿ ಮನುಷ್ಯರ ಹೆಜ್ಜೆಗಳೂ ಇದ್ದವು. ಆದರೆ ಅವೆಲ್ಲ ಬಾಗಿಲಲ್ಲಿ ಜೋಡಿಸಿಟ್ಟ ರಬ್ಬರ್ ಬೂಟಿನವು. ಬಂದವರೆಲ್ಲ ಅದನ್ನೇ ಹಾಕಿಕೊಳ್ಳುವುದು.

“ಶನಿವಾರ ನಸುಕಿನಲ್ಲಿ ನೀವೆಲ್ಲಿದ್ರಿ?”

“ಮತ್ತದೇ ಪ್ರಶ್ನೆನಾ? ಮಲಗಿದ್ದೆ. ಈ ಗೂಡಿನ ಹತ್ರ ಬಂದು ನಾನು ಆರು ವರ್ಷ ಆಯ್ತು. ಇವಕ್ಕೆ ಮೂತಿ ಯಾವ ಕಡೆ, ಬಾಲ ಯಾವ ಕಡೆ ಅಂತಲೂ ನಂಗೆ ಗೊತ್ತಿಲ್ಲ.”

ಅಷ್ಟರಲ್ಲಿ ಜೀಪು ಬಂತು. ಇಬ್ಬರು ಪೊಲೀಸರ ನಡುವೆ ಗೂಡಜ್ಜಿ ಇಳಿದಳು. ಕುಳ್ಳಿ, ಬಾಗಿದ ಬೆನ್ನು, ಹಣ್ಣಾದ ತಲೆ. ಇಳಿದವಳು ಯಾರ ಮುಖವನ್ನೂ ನೋಡದೆ ನೆಟ್ಟಗೆ ಏಳನೇ ಗೂಡಿಗೆ ಹೋಗಿ ನೀರಿನ ತೊಟ್ಟಿಗೆ ಕೈ ಹಾಕಿದಳು.

“ಅಯ್ಯೋ, ತಳ ಒಣಗಿದೆ. ಬಾಣಂತಿ ಕಣ್ರಪ್ಪಾ ಇವಳು. ಗಲ್ಲಿಗೇರಿಸೋ ಕೈದಿಗೂ ನೀರು ಕೊಡ್ತಾರೆ.”

ಇನ್ಸ್‌ಪೆಕ್ಟರ್ ಉಳಿದವರನ್ನು ದೂರ ನಿಲ್ಲಿಸಿ ಅವಳ ಬಳಿ ಹೋದ.

“ಅಜ್ಜಿ, ಶುಕ್ರವಾರ ಸಂಜೆ ಏನಾಯ್ತು? ಸರಿಯಾಗಿ ಹೇಳು.”

“ಹೇಳಿದೆನಲ್ಲ ಸ್ವಾಮಿ. ಕಣ್ಣು ಮಂಜು. ಅದಲು ಬದಲಾಯ್ತು. ತಪ್ಪಾಯ್ತು ಅಂತ ಬರ್ಕೊಳ್ಳಿ.”

“ಸುಳ್ಳು.”

“ಹಂದಿ ಕಾಯೋಳು ಸುಳ್ಳು ಹೇಳಿದ್ರೇನು, ನಿಜ ಹೇಳಿದ್ರೇನು?”

“ಶನಿವಾರ ನಾನು ಬಂದಾಗ ಸೊಸೆಯ ಮರಿಗಳು, ಅವಕ್ಕೆಂದೇ ಮೂಲೆಯಲ್ಲಿ ಅಡ್ಡ ಹಾಕಿದ ಸರಳಿನ ಹಿಂದೆ ಮಲಗಿದ್ವು. ಒಂಬತ್ತಕ್ಕೂ ಹೊಟ್ಟೆ ತುಂಬಿತ್ತು. ಸಂಜೆಯೇ ಅದಲು ಬದಲಾಗಿದ್ರೆ ರಾತ್ರಿಯೆಲ್ಲ ಹಾಲಿಲ್ಲದೆ ಪಕ್ಕೆ ಅಂಟಿರಬೇಕಿತ್ತು. ಅತ್ತೆ ಬೇರೆಯವಳ ಮರಿಗೆ ಮೊಲೆ ಕೊಡ್ತಾಳಾ? ಹಸಿದು ಹತ್ರ ಬಂದ ನಾಲ್ಕನ್ನಾದ್ರೂ ಬೆಳಗಾಗೋದ್ರಲ್ಲಿ ಕಚ್ಚಿ ಹಾಕಿರ್ತಿದ್ಲು.”

ಗೂಡಜ್ಜಿ ಒಣಗಿದ ತೊಟ್ಟಿಯ ತಳವನ್ನು ಅಂಗೈಯಿಂದ ಒರೆಸಿದಳು.

“ಅಂದ್ರೆ ಅತ್ತೆಯನ್ನ ಅಲ್ಲಿಗೆ ತಂದದ್ದು ನಸುಕಿನಲ್ಲಿ, ಮಾಲೀಕ ಬರೋಕೆ ಸ್ವಲ್ಪ ಮುಂಚೆ. ಆಗ ನೀನು ತಳ್ಳುಗಾಡಿ ತಗೊಂಡು ಹೋಟೆಲಿನ ಹಿಂಬಾಗಿಲಲ್ಲಿ ಮುಸುರೆ ತುಂಬ್ಕೊಳ್ತಿದ್ದೆ. ಅಡುಗೆಯವನು ಹೇಳಿದಾನೆ.”

ಮುದುಕಿ ತಲೆಯೆತ್ತಿ ಅವನನ್ನು ಮೊದಲ ಸಲ ಪೂರ್ತಿ ನೋಡಿದಳು. ಆಮೇಲೆ ದನಿ ತಗ್ಗಿಸಿದಳು.

“ಯಾರ ಮಗನಪ್ಪಾ ನೀನು?”

ದಫೇದಾರ ಎಷ್ಟು ದೂರದಲ್ಲಿದ್ದಾನೆಂದು ಅವನು ತಿರುಗಿ ನೋಡಿದ.

“ಶನಿವಾರವೇ ಗೊತ್ತಾಯ್ತು ನಂಗೆ,” ಎಂದಳು ಅವಳು. “ಈ ವಾಸನೆ ಅರಿಯದೋರು ಒಳಗೆ ಬಂದು, ಮುಖ ಕಿವುಚಿ, ಆಮೇಲೆ ಮೂಗು ಮುಚ್ಕೊಳ್ತಾರೆ. ನೀನು ಗೇಟಿನ ಆಚೆ, ಜೀಪಿನಲ್ಲೇ ಮುಚ್ಕೊಂಡಿದ್ದೆ. ಮೂಗು ಮುಚ್ಚಿದ್ದಲ್ಲ ಅದು. ಮುಖ ಮುಚ್ಚಿದ್ದು.”

“ಅಜ್ಜಿ…”

“ಬೈತಿಲ್ಲ ಕಣಪ್ಪಾ. ಮುಚ್ಕೊಂಡೇ ಇರು. ಅಷ್ಟು ಮೇಲೆ ಹತ್ತಿದೀಯ, ಯಾಕೆ ಇಳೀತೀಯ? ಮುದುಕಿ ಕೈ ತಪ್ಪು ಅಂತ ಬರ್ಕೊಂಡು ಹೋಗು. ವರ್ಷವೋ ಎರಡು ವರ್ಷವೋ ಹಾಕ್ತಾರೆ. ಅಲ್ಲೂ ಊಟ ಕೊಡ್ತಾರೆ. ಕೈ ಮುಗೀತೀನಿ, ಇದನ್ನ ಕೆದಕಬೇಡ.”

ಆ ಮಾತಿನ ಕರುಣೆ ಅವನನ್ನು ಕಪಾಳಕ್ಕೆ ಹೊಡೆದಂತೆ ತಟ್ಟಿತು. ತನ್ನ ಮಾನ ಉಳಿಸಿಕೊಳ್ಳಲು ಅವನು ಎರಡು ದಿನ ಬಾಯಿ ಹೊಲಿದುಕೊಂಡಿದ್ದ. ಆ ಎರಡು ದಿನ ಈ ಮುದುಕಿ ಸಿಮೆಂಟಿನ ನೆಲದ ಮೇಲೆ ಮಲಗಿದ್ದಳು. ಅವಳೇ ಈಗ ಅವನ ಮಾನ ಕಾಯುವ ಮಾತಾಡುತ್ತಿದ್ದಳು.

ಅವನು ಕರವಸ್ತ್ರ ಮಡಿಸಿ ಜೇಬಿಗೆ ಹಾಕಿದ.

“ದಫೇದಾರ್ರೇ, ಒಂದು ಬಕೆಟ್ ಬೇಕು. ಹಂದಿಯ ಮೂತಿ ಕಿವಿವರೆಗೆ ಮುಚ್ಚುವಂಥದ್ದು.”

“ನೀರಿಗಾ ಸಾರ್?”

“ಅತ್ತೆಗೆ.”

“ಬೇಡ ಕಣಪ್ಪಾ,” ಎಂದಳು ಗೂಡಜ್ಜಿ. ಅವಳು ಅವನ ತೋಳು ಹಿಡಿದಳು. ತನ್ನ ಮೇಲಿನ ಮರುಕದಿಂದ ಹೇಳುತ್ತಿದ್ದಾಳೆ ಎಂದುಕೊಂಡ ಅವನು.

ರಬ್ಬರ್ ಬೂಟು ಹಾಕಿದ. ಪ್ಯಾಂಟು ಮಡಿಸಿದ. ಗೇಟಿನ ಹೊರಗೆ ಅಷ್ಟು ಹೊತ್ತಿಗೆ ಹತ್ತಿಪ್ಪತ್ತು ಜನ ಸೇರಿದ್ದರು. ಯಾರೋ ಸಿಳ್ಳೆ ಹಾಕಿದರು.

“ಸಾಹೇಬ್ರು ಅತ್ತೆ ಮನೆಗೆ ಹೊರಟ್ರು ಕಣ್ರೋ!”

“ಬಾಗಿನ ತಗೊಂಡು ಹೋಗಿ ಸಾರ್!”

ನಗೆ ಎದ್ದಿತು. ಇನ್ಸ್‌ಪೆಕ್ಟರ್ ಏಳನೇ ಗೂಡಿನ ಅಗಳಿ ತೆಗೆದ. ಅತ್ತೆ ಎದ್ದು ನಿಂತು ದವಡೆ ಕಟಕಟಿಸಿತು. ಅವನು ಬಾಗಿಲಿಗೆ ಒರಗಿಸಿದ್ದ ಹಲಗೆಯನ್ನು ಮೊಣಕಾಲಿನ ಮುಂದೆ ಹಿಡಿದು, ಅವಸರ ಮಾಡದೆ, ಮೂಲೆಗೆ ಒತ್ತಿ ಬಕೆಟ್ಟನ್ನು ಅದರ ಮೂತಿಗೆ ಕವುಚಿದ.

ಹಂದಿಯ ಬುದ್ಧಿ ದೊಡ್ಡದು. ಆದರೆ ತಲೆಗೆ ಕತ್ತಲೆ ಕವಿದರೆ ಅದಕ್ಕೆ ತೋಚುವುದು ಒಂದೇ, ಹಿಂದಕ್ಕೆ ಸರಿದು ಕತ್ತಲೆಯಿಂದ ಪಾರಾಗುವುದು. ಬಕೆಟ್ ಜೊತೆಗೇ ಬಂದರೆ ಇನ್ನೂ ಹಿಂದಕ್ಕೆ. ಬಾಲ ಹಿಡಿದು ಬೇಕಾದ ಕಡೆ ತಿರುಗಿಸಿದರೆ ಇನ್ನೂರು ಕಿಲೋದ ಮೈ ಒಬ್ಬನ ಕೈಯಲ್ಲಿ ತೊಟ್ಟಿಲಿನಷ್ಟು ಹಗುರ.

ಅತ್ತೆ ಹಿಂದಕ್ಕೆ ನಡೆಯತೊಡಗಿತು. ಗೂಡಿನಿಂದ ಓಣಿಗೆ, ಓಣಿಯ ಕೆಸರಿನಲ್ಲಿ ಹೆಜ್ಜೆ ಹೆಜ್ಜೆಯಾಗಿ ನಾಲ್ಕನೇ ಗೂಡಿನ ಕಡೆಗೆ. ಇನ್ಸ್‌ಪೆಕ್ಟರನ ಅಂಗಿ ಬೆವರಿಗೆ ಬೆನ್ನಿಗಂಟಿತು. ಗೇಟಿನ ಹೊರಗಿನ ನಗೆ ನಿಂತುಹೋಗಿತ್ತು. ಅವನ ಬಾಯಿಂದ ಗೊತ್ತಿಲ್ಲದಂತೆ ಅಮ್ಮನ ಸದ್ದು ಹೊರಡುತ್ತಿತ್ತು: ಹುರ್ರ್, ಹುರ್ರ್, ನಡಿಯವ್ವಾ, ಹುರ್ರ್.

ನಾಲ್ಕನೇ ಗೂಡಿನ ಬಾಗಿಲಲ್ಲಿ ಅವನು ನಿಂತ.

“ಈಗ ಮಂಕರಿ ಎತ್ತಿ ನೋಡಿ ದಫೇದಾರ್ರೇ.”

ದಫೇದಾರ ಬಗ್ಗಿದ. ಹಳೆಯ ಎರಡನೇ ಸಾಲಿನ ಹೆಜ್ಜೆ ನೋಡಿದ, ಹೊಸ ಹೆಜ್ಜೆ ನೋಡಿದ. ಎರಡರದ್ದೂ ಮುಖ ಏಳರ ಕಡೆಗೆ. ಎರಡರಲ್ಲೂ ಗೊರಸಿನ ಹಿಂದಿನ ಪುಟ್ಟ ಉಗುರುಗಳೆರಡು ಕೆಸರಿಗೆ ಆಳವಾಗಿ ಊರಿದ್ದವು.

“ಅಂದ್ರೆ… ಅತ್ತೆ ಬಂದದ್ದು ಹಿಂದೆಹಿಂದಕ್ಕೆ!”

“ಬಂದದ್ದಲ್ಲ. ತಂದದ್ದು. ಸೊಸೆ ಹಿಡಿ ಬೂಸಾ ತೋರಿಸಿದರೆ ಹಿಂದೆಯೇ ಬರ್ತಾಳೆ. ಅತ್ತೆಗೆ ಬಕೆಟ್ ಬೇಕು. ಇದು ಕಣ್ಣು ಮಂಜಾಗಿ ಆದ ತಪ್ಪಲ್ಲ. ಕೊಲೆ.”

“ಸಾರ್, ನೀವು ಇದನ್ನೆಲ್ಲ ಎಲ್ಲಿ ಕಲಿತ್ರಿ?”

ಆ ಪ್ರಶ್ನೆ ಕೊನೆಗೂ ಬಂತು. ಅಂಗಳದಲ್ಲಿ ಎಲ್ಲರೂ ಅವನ ಬಾಯನ್ನೇ ನೋಡುತ್ತಿದ್ದರು.

“ಮನೇಲಿ. ನಮ್ಮಮ್ಮ ಹಂದಿ ಸಾಕ್ತಿದ್ಲು. ಶನಿವಾರವೇ ಇದು ಗೊತ್ತಿತ್ತು ನಂಗೆ. ಹೇಳೋಕೆ ನಾಚಿಕೆಯಾಯ್ತು.”

ಯಾರೂ ನಗಲಿಲ್ಲ. ನಕ್ಕಿದ್ದರೆ ಅವನಿಗೆ ಸುಲಭವಾಗುತ್ತಿತ್ತು. ದಫೇದಾರ ಕೆಸರಿನ ಕಡೆ ಮುಖ ತಿರುಗಿಸಿದ. ಸತ್ತವನ ತಮ್ಮ ಮಾತ್ರ ಮೂಗಿನಲ್ಲಿ ಸದ್ದು ಮಾಡಿದ.

“ಓಹೋ! ದವಸದ ವ್ಯಾಪಾರ ಅಂತಿದ್ರಲ್ಲ ಸಾರ್, ಇದೇನಾ ದವಸ?” ಎಂದು ನಾಟಕೀಯವಾಗಿ ಕೈ ಬೀಸಿದವನು ಇಟ್ಟಿಗೆಯ ಮೇಲೆ ತೂಕ ತಪ್ಪಿದ. ಇಟ್ಟಿಗೆ ಮಗುಚಿತು. ಅವನು ಅತ್ತೆಯ ಪಕ್ಕೆಗೇ ಬಂದು ಬಿದ್ದ.

ಬಕೆಟ್ ಕಳಚಿ ಉರುಳಿತು. ಅತ್ತೆ ಗಿರಕ್ಕನೆ ತಿರುಗಿತು. ಬಾಲ ಇನ್ಸ್‌ಪೆಕ್ಟರನ ಕೈ ಜಾರಿತು. ಕೆಸರಿನಲ್ಲಿ ಅಂಗಾತ ಬಿದ್ದ ತಮ್ಮನ ಹೊಟ್ಟೆಯ ಮೇಲಕ್ಕೆ ಅದರ ತೆರೆದ ಬಾಯಿ ಬಂತು. ಅವನು ಕಿರುಚಿ ಮುಖಕ್ಕೆ ಕೈ ಅಡ್ಡ ಹಿಡಿದ. ಪಾರಾಗುವುದು ಹೇಗೆಂದು ಅರಿತವನ ನಡೆಯಾಗಿರಲಿಲ್ಲ ಅದು.

ಬಿಳಿ ಕೋಟೊಂದು ನಡುವೆ ನುಗ್ಗಿತು.

ಪಶುವೈದ್ಯೆ ಎಡಗೈಯಲ್ಲಿ ಬಕೆಟ್ ಎತ್ತಿ ಅತ್ತೆಯ ಮೂತಿಗೆ ಮುಚ್ಚಿದಳು. ಮೊಣಕಾಲನ್ನು ಅದರ ತೊಡೆಗೆ ಆನಿಸಿದಳು. ಬಲಗೈ ಬಾಲದ ಬುಡಕ್ಕೆ ಹೋಯಿತು, ಹೆಬ್ಬೆರಳು ಮೇಲೆ, ಎರಡು ಬೆರಳು ಕೆಳಗೆ. ಒಂದು ತಿರುವು, ಎರಡು ಹೆಜ್ಜೆ. ಅತ್ತೆ ಹಿಂದಕ್ಕೆ ಸರಿದು ಗೋಡೆಗೆ ಬೆನ್ನು ಕೊಟ್ಟು ನಿಂತಿತು. ಉಸಿರು ಬಿಡುವಷ್ಟರಲ್ಲಿ ಎಲ್ಲ ಮುಗಿದಿತ್ತು.

“ಭಲೇ ಡಾಕ್ಟರಮ್ಮ!” ಗೇಟಿನಾಚೆ ಚಪ್ಪಾಳೆ ಬಿತ್ತು.

ಇನ್ಸ್‌ಪೆಕ್ಟರ್ ಚಪ್ಪಾಳೆ ತಟ್ಟಲಿಲ್ಲ. ಅವನು ಅವಳ ಬೆರಳುಗಳನ್ನು ನೋಡುತ್ತಿದ್ದ. ಕಾಲೇಜಿನಲ್ಲಿ ಮೂತಿಗೆ ಹಗ್ಗ ಹಾಕುವುದನ್ನು ಕಲಿಸುತ್ತಾರೆ, ಸೂಜಿ ಚುಚ್ಚುವುದನ್ನು ಕಲಿಸುತ್ತಾರೆ. ಬಾಲದ ಬುಡದಲ್ಲಿ ಹೆಬ್ಬೆರಳು ಎಲ್ಲಿರಬೇಕು ಎಂದು ಕಲಿಸುವುದಿಲ್ಲ. ಅದನ್ನು ಬುದ್ಧಿ ಬಲಿಯುವ ಮುಂಚೆ, ಹಿಂದೆ ನಿಂತ ಯಾರೋ ಕೈ ಮೇಲೆ ಕೈಯಿಟ್ಟು ಕಲಿಸಬೇಕು.

ಅವಳೂ ತನ್ನ ಕೈಯನ್ನೇ ನೋಡುತ್ತಿದ್ದಳು, ಹೇಳದೆ ಕೇಳದೆ ಮನೆಯ ಗುಟ್ಟು ಬಿಚ್ಚಿಟ್ಟವರನ್ನು ನೋಡುವ ಹಾಗೆ. ನಿಧಾನವಾಗಿ ಬಾಲ ಬಿಟ್ಟಳು. ಬಿಳಿ ಕೋಟಿಗೆ ಸೊಂಟದವರೆಗೆ ಕೆಸರು.

ಅವನು ಕಣ್ಣೆತ್ತಿದಾಗ ಗೂಡಜ್ಜಿ ಅವನನ್ನೇ ನೋಡುತ್ತಿದ್ದಳು. ಅವನು ಏನು ನೋಡಿದನೆಂದು ಅವಳಿಗೆ ತಿಳಿದುಹೋಗಿತ್ತು. ಆ ಕೈಗೆ ಪಾಠ ಹೇಳಿದವರು ಯಾರೆಂದು ಸತ್ತ ಮಾಲೀಕನಿಗೂ ಗೊತ್ತಾಗಿದ್ದಿರಬೇಕು.

“ನಾನೇ!” ಎಂದು ಮುದುಕಿ ಕೂಗಿದಳು. “ನಾನೇ ಕಣ್ರಪ್ಪಾ ಮಾಡಿದ್ದು! ಬಕೆಟ್ ಹಾಕಿ ತಂದೋಳು ನಾನೇ. ಬರ್ಕೊಳ್ಳಿ!”

“ಅಜ್ಜಿ, ಬಾಯಿ ಮುಚ್ಚು,” ಎಂದ ಇನ್ಸ್‌ಪೆಕ್ಟರ್. “ನೀನು ಆಗ ಹೋಟೆಲಿನ ಹತ್ರ ಇದ್ದೆ.”

“ಮುಸುರೆಗೆ ಬರೋಳ ಮುಖ ಯಾರು ನೋಡ್ತಾರೆ ಸ್ವಾಮಿ? ಗಾಡಿ ನೋಡ್ತಾರೆ, ಡ್ರಮ್ಮು ನೋಡ್ತಾರೆ. ಆವತ್ತು ನಾನು ಹೋಗೇ ಇರಲಿಲ್ಲ. ಮಾಲೀಕನ ಮೇಲೆ ನಂಗೆ ಹಗೆಯಿತ್ತು. ಬೇಕು ಅಂತಲೇ ಕೊಂದೆ.”

“ಏನು ಹಗೆ?”

“ಇತ್ತು ಅಂದೆನಲ್ಲ!”

ಅರ್ಧ ಗಂಟೆಯ ಹಿಂದೆ ಅವಳ ಮೇಲಿದ್ದದ್ದು ವರ್ಷವೋ ಎರಡು ವರ್ಷವೋ ಹಾಕುವ ಕೈತಪ್ಪು. ಇನ್ಸ್‌ಪೆಕ್ಟರ್ ತನ್ನ ನಾಚಿಕೆ ಬಿಟ್ಟು, ಜನರೆದುರು ಕೆಸರಿಗಿಳಿದು, ಅದನ್ನು ಕೊಲೆಯಾಗಿಸಿದ್ದ. ಅವಳು ಅದನ್ನೇ ಎತ್ತಿ ಕೊರಳಿಗೆ ಹಾಕಿಕೊಳ್ಳುತ್ತಿದ್ದಳು.

ದಫೇದಾರ ಕಾಗದ ಬಿಡಿಸಿ ಜೀಪಿನ ಬಾನೆಟ್ಟಿನ ಮೇಲಿಟ್ಟ.

“ಒಪ್ಕೊಂಡ್ರೆ ಬರ್ಕೊಳ್ಳಲೇಬೇಕಲ್ಲ ಸಾರ್. ಹೇಳಜ್ಜಿ, ವಯಸ್ಸೆಷ್ಟು?”

“ಅರವತ್ತೇಳೋ ಎಂಟೋ.”

“ಗಂಡ?”

“ಸತ್ತು ಬಹಳ ವರ್ಷವಾಯ್ತು.”

“ಮಕ್ಕಳು?”

ಗೂಡಜ್ಜಿಯ ತುಟಿ ಅಲುಗಿತು. ಅಷ್ಟು ಹೊತ್ತು ಪಟಪಟ ಉತ್ತರ ಕೊಟ್ಟವಳು ನೆಲ ನೋಡಿದಳು.

“ಮಕ್ಕಳಿದಾರಾ ಅಜ್ಜಿ?”

“ಇಲ್ಲ,” ಎಂದಿತು ಒಂದು ದನಿ, ಸ್ಪಷ್ಟವಾಗಿ, ಆಸ್ಪತ್ರೆಯ ಚೀಟಿ ಓದುವ ಹಾಗೆ. “ಮಕ್ಕಳಿಲ್ಲ ಅಂತ ಬರ್ಕೊಳ್ಳಿ.”

ದಫೇದಾರನ ಪೆನ್ನು ಅಲ್ಲೇ ನಿಂತಿತು. ಉತ್ತರ ಕೊಟ್ಟವಳು ಪಶುವೈದ್ಯೆ.